ಸೂತ್ರ ಶ್ಲೋಕದಲ್ಲಿ, ಉಪಪತ್ತಿ ಟೀಕೆಯಲ್ಲಿ: ನಮ್ಮ ಪ್ರಾಚೀನ ಗಣಿತಜ್ಞರು ಸಾಧಿಸುತ್ತಿದ್ದರೇ?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಪ್ರಾಚೀನ ಭಾರತದ ಗಣಿತಜ್ಞರು ಸೂತ್ರಗಳನ್ನು ಕೊಟ್ಟರೇ ಹೊರತು ಅವು ಏಕೆ ಸರಿ ಎಂದು ತರ್ಕದಿಂದ ಸಾಧಿಸುವ ಗೊಡವೆಗೆ ಹೋಗಲಿಲ್ಲ, ಸಾಧನೆ ಎಂಬುದು ಗ್ರೀಕರ ಕೊಡುಗೆ ಎಂದು ಓದಿದ್ದೇನೆ. ಭಾಸ್ಕರಾಚಾರ್ಯರು ಲಂಬಕೋನ ತ್ರಿಭುಜದ ಪ್ರಮೇಯಕ್ಕೆ ಒಂದು ಚಿತ್ರ ಬರೆದು ‘ನೋಡು’ ಎಂದಷ್ಟೇ ಹೇಳಿದರು ಎಂಬ ಕಥೆಯೂ ಇದೆ. ಎಲ್ಲವನ್ನೂ ನಮ್ಮವರೇ ಮೊದಲು ಸಾಧಿಸಿಬಿಟ್ಟಿದ್ದರು ಎನ್ನುವವರೂ ಇದ್ದಾರೆ. ಮಕ್ಕಳಿಗೆ ಯಾವುದನ್ನು ಹೇಳಲಿ? ಕನ್ನಡ ನಾಡಿನ ಮಹಾವೀರಾಚಾರ್ಯರ ಗ್ರಂಥದಲ್ಲಿ ಸಾಧನೆಗಳಿವೆಯೇ?

ಉತ್ತರ: ಸೂತ್ರಗಳನ್ನು ಮಾತ್ರ ಕೊಟ್ಟರು ಎಂಬ ಮಾತು ತಪ್ಪು. ಶ್ಲೋಕಗಳನ್ನು ಓದಿ ಟೀಕೆಗಳನ್ನು ಓದದೆ ಬಿಟ್ಟದ್ದರಿಂದ ಆ ತಪ್ಪು ಹುಟ್ಟಿತು. ಎಲ್ಲವನ್ನೂ ಸಾಧಿಸಿಬಿಟ್ಟಿದ್ದರು ಎಂಬ ಮಾತೂ ತಪ್ಪೇ, ಏಕೆಂದರೆ ಟೀಕೆಗಳನ್ನು ಓದಿದವರಿಗೆ ಎಲ್ಲಿ ಕಾರಣ ಹೇಳಿದ್ದಾರೆ, ಎಲ್ಲಿ ಹೇಳಿಲ್ಲ, ಎಲ್ಲಿ ಎಡವಿದ್ದಾರೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ.

ಮೊದಲು ಗ್ರಂಥಗಳ ಸ್ವರೂಪವನ್ನು ಗಮನಿಸಬೇಕು. ಕ್ರಿ.ಶ. 499ರ ಲೆಕ್ಕವನ್ನು ತನ್ನೊಳಗೆ ಸೂಚಿಸುವ ಆರ್ಯಭಟೀಯದ ಗಣಿತಪಾದದಲ್ಲಿ ಇರುವುದು 33 ಶ್ಲೋಕಗಳು ಮಾತ್ರ. ವರ್ಗಮೂಲ, ಘನಮೂಲ, ವಿಸ್ತೀರ್ಣ, ಜ್ಯಾಕೋಷ್ಟಕ (ಸೈನ್ ಪಟ್ಟಿ), ಶ್ರೇಢಿ, ಬಡ್ಡಿ, ಕುಟ್ಟಕ (ಸಮೀಕರಣಕ್ಕೆ ಪೂರ್ಣಾಂಕ ಉತ್ತರ ಹುಡುಕುವ ವಿಧಾನ) ಎಲ್ಲವೂ ಅಷ್ಟರೊಳಗೆ ಅಡಗಿವೆ. ಇಷ್ಟು ಬಿಗಿಯಾದ ಪಠ್ಯವನ್ನು ಬರೆದದ್ದು ಒಬ್ಬನೇ ಕುಳಿತು ಓದಿ ತಿಳಿಯುವವನಿಗಾಗಿ ಅಲ್ಲ. ವಿದ್ಯಾರ್ಥಿ ಶ್ಲೋಕವನ್ನು ಬಾಯಿಪಾಠ ಮಾಡುತ್ತಿದ್ದ, ಗುರು ಅದರ ಅರ್ಥವನ್ನೂ ಉದಾಹರಣೆಯನ್ನೂ ಕಾರಣವನ್ನೂ ವಿವರಿಸುತ್ತಿದ್ದರು. ಆ ವಿವರಣೆ ಬರಹಕ್ಕೆ ಇಳಿದದ್ದು ಭಾಷ್ಯ, ಟೀಕೆ, ವಾಸನೆ ಎಂಬ ಹೆಸರುಗಳಲ್ಲಿ. ಒಂದು ನಿಯಮ ಏಕೆ ಸರಿ ಎಂದು ತೋರಿಸುವ ತರ್ಕಕ್ಕೆ ಅವರು ಬಳಸಿದ ಹೆಸರು ಉಪಪತ್ತಿ ಅಥವಾ ಯುಕ್ತಿ. ಮೂಲಶ್ಲೋಕದಲ್ಲಿ ಉಪಪತ್ತಿ ಇಲ್ಲವೆಂದು ಆಕ್ಷೇಪಿಸುವುದು, ಪರೀಕ್ಷೆಗೆ ಮುಂಚೆ ತಿರುವಿ ಹಾಕುವ ಸೂತ್ರಪಟ್ಟಿಯನ್ನು ನೋಡಿ ಆ ತರಗತಿಯಲ್ಲಿ ಪಾಠವೇ ನಡೆದಿಲ್ಲ ಎಂದು ತೀರ್ಮಾನಿಸಿದ ಹಾಗೆ.

ಕಾರಣ ಹೇಳುವ ಅಭ್ಯಾಸ ಇನ್ನೂ ಹಿಂದಿನದು. ಯಜ್ಞವೇದಿಗಳನ್ನು ಅಳೆದು ಕಟ್ಟುವ ವಿಧಾನವನ್ನು ಹೇಳುವ ಶುಲ್ಬಸೂತ್ರಗಳು ಕ್ರಿಸ್ತಪೂರ್ವದ ಮೊದಲ ಸಹಸ್ರಮಾನಕ್ಕೆ ಸೇರಿದವು. ಆಪಸ್ತಂಬ ಶುಲ್ಬಸೂತ್ರದಲ್ಲಿ ಮಹಾವೇದಿಯ ಪ್ರಸ್ತಾಪ ಬರುತ್ತದೆ. ಅದು ತ್ರಾಪಿಜ್ಯದ ಆಕಾರದ ನೆಲ: ಪೂರ್ವದ ಬದಿ 24 ಪದ (ಹೆಜ್ಜೆಯ ಅಳತೆ), ಪಶ್ಚಿಮದ ಬದಿ 30 ಪದ, ನಡುವಿನ ಉದ್ದ 36 ಪದ. ಅದರ ವಿಸ್ತೀರ್ಣ ಸಾವಿರಕ್ಕೆ 28 ಕಡಿಮೆ, ಅಂದರೆ 972 ಎಂದು ಸೂತ್ರಕಾರರು ಹೇಳುತ್ತಾರೆ. ಹೇಳಿ ಸುಮ್ಮನಾಗುವುದಿಲ್ಲ. ಆಗ್ನೇಯದ ಮೂಲೆಯಿಂದ ಪಶ್ಚಿಮದ ಬದಿಗೆ, ನಡುಗೆರೆಯಿಂದ 12 ಪದ ದೂರದಲ್ಲಿ, ನೇರವಾಗಿ ಗೆರೆ ಎಳೆಯಿರಿ; ಕತ್ತರಿಸಿ ಬಂದ ತುಂಡನ್ನು ತಿರುವಿ ಉತ್ತರದ ಬದಿಗೆ ಸೇರಿಸಿ; ಆಗ ಅದು ಆಯತವಾಗುತ್ತದೆ; ಹಾಗೆ ಜೋಡಿಸಿದ್ದನ್ನು ಲೆಕ್ಕ ಮಾಡಿ ಎನ್ನುತ್ತಾರೆ. ಆಯತದ ಅಳತೆ 27 ಮತ್ತು 36, ಗುಣಿಸಿದರೆ 972. ತ್ರಾಪಿಜ್ಯದ ವಿಸ್ತೀರ್ಣಕ್ಕೆ ಇಂದು ನಾವು ಕಪ್ಪುಹಲಗೆಯ ಮೇಲೆ ತೋರಿಸುವ ವಿಧಾನ ಇದಕ್ಕಿಂತ ಬೇರೆಯಲ್ಲ.

ಆರ್ಯಭಟರ ಬಳಿಗೆ ಮರಳಿದರೆ, ಅವರ ಮೇಲೆ ನಮಗೆ ಪೂರ್ಣವಾಗಿ ದೊರೆತಿರುವ ಅತ್ಯಂತ ಹಳೆಯ ಭಾಷ್ಯ ಕ್ರಿ.ಶ. 629ರದು. ಅದನ್ನು ಬರೆದವರು ಒಂದನೆಯ ಭಾಸ್ಕರರು. ಲೀಲಾವತಿ ಗ್ರಂಥವನ್ನು ಬರೆದ ಭಾಸ್ಕರಾಚಾರ್ಯರಿಗಿಂತ ಅವರು ಐನೂರು ವರ್ಷ ಹಿಂದಿನವರು. 20,000 ವ್ಯಾಸದ ವೃತ್ತಕ್ಕೆ 62,832 ಪರಿಧಿ, ಅಂದರೆ ಪೈ ಬೆಲೆ 3.1416, ಮತ್ತು ಅದು ‘ಆಸನ್ನ’, ನಿಜದ ಹತ್ತಿರದ ಬೆಲೆ ಎಂದು ಆರ್ಯಭಟರು ಹೇಳಿದ್ದರು. ಪೈಗೆ 10ರ ವರ್ಗಮೂಲವನ್ನೇ ಬಳಸುವ ಇನ್ನೊಂದು ರೂಢಿ, ಮುಖ್ಯವಾಗಿ ಜೈನ ಗ್ರಂಥಗಳಲ್ಲಿ, ಬಹುಕಾಲದಿಂದ ನಡೆದುಬಂದಿತ್ತು. ಆ ಬೆಲೆಯನ್ನು ಕುರಿತು ಭಾಷ್ಯಕಾರರು ಬರೆದ ಮಾತು ಹೀಗಿದೆ: ‘ಅತ್ರಾಪಿ ಕೇವಲ ಏವಾಗಮಃ ನೈವೋಪಪತ್ತಿಃ’. ಇಲ್ಲಿರುವುದು ಪರಂಪರೆಯ ಮಾತು ಮಾತ್ರ, ಉಪಪತ್ತಿ ಇಲ್ಲವೇ ಇಲ್ಲ ಎಂದರ್ಥ. ಹಿರಿಯರು ಹೇಳಿದ್ದಾರೆ ಎಂಬುದು ಗಣಿತದಲ್ಲಿ ಸಾಲದು ಎಂದು ಏಳನೆಯ ಶತಮಾನದ ಒಬ್ಬ ಗಣಿತಜ್ಞ ಅನುಮಾನಕ್ಕೆ ಎಡೆಯಿಲ್ಲದಂತೆ ಬರೆದಿಟ್ಟಿದ್ದಾರೆ. ನಿಮ್ಮ ಪ್ರಶ್ನೆಗೆ ಒಂದೇ ಸಾಲಿನ ಉತ್ತರ ಬೇಕಿದ್ದರೆ ನಾನು ಈ ಸಾಲನ್ನೇ ಕೊಡುತ್ತೇನೆ.

ಆದರೆ ಇದೇ ಭಾಷ್ಯಕಾರರು ಇನ್ನೊಂದು ಕಡೆ ಸುಮ್ಮನಿದ್ದಾರೆ. ತ್ರಿಭುಜ ಪಾದದ ಪಿರಮಿಡ್ಡಿನ ಘನಫಲ ಪಾದದ ವಿಸ್ತೀರ್ಣವನ್ನು ಎತ್ತರದಿಂದ ಗುಣಿಸಿದ್ದರ ಅರ್ಧ ಎಂದು ಆರ್ಯಭಟೀಯದಲ್ಲಿದೆ. ಸರಿಯಾದ ಉತ್ತರ ಮೂರನೆಯ ಒಂದು ಭಾಗ. ಒಂದನೆಯ ಭಾಸ್ಕರರು ತಪ್ಪು ನಿಯಮವನ್ನೇ ವಿವರಿಸಿ ಮುಂದೆ ಸಾಗಿದರು. ಅದರ ಹಿಂದಿನ ವರ್ಷವೇ, 628ರಲ್ಲಿ, ಭಿಲ್ಲಮಾಲದ ಬ್ರಹ್ಮಗುಪ್ತರು ತಮ್ಮ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಮೂರನೆಯ ಒಂದು ಎಂಬ ಸರಿಯಾದ ನಿಯಮವನ್ನು ಕೊಟ್ಟಿದ್ದರು. ಮಕ್ಕಳಿಗೆ ಇದನ್ನೂ ಹೇಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಉಪಪತ್ತಿಯನ್ನು ಕೇಳಿದ ಕಡೆ ಸರಿಯಾದ ಬೆಲೆ ಉಳಿಯಿತು, ಕೇಳದ ಕಡೆ ತಪ್ಪು ಉಳಿಯಿತು.

ಇನ್ನು ‘ನೋಡು’ ಎಂಬ ಕಥೆ. ಭಾಸ್ಕರಾಚಾರ್ಯರು 1114ರಲ್ಲಿ ಹುಟ್ಟಿ, 1150ರಲ್ಲಿ, ತಮ್ಮ 36ನೆಯ ವಯಸ್ಸಿನಲ್ಲಿ ಸಿದ್ಧಾಂತಶಿರೋಮಣಿಯನ್ನು ಬರೆದವರು. ಅವರ ‘ಬೀಜಗಣಿತ’ ಎಂಬ ಗ್ರಂಥದಲ್ಲಿ ಒಂದು ಉದಾಹರಣೆಯಿದೆ. ಲಂಬಕೋನವನ್ನು ಮಾಡುವ ಬದಿಗಳಲ್ಲಿ ಒಂದು (ಭುಜ) 15, ಇನ್ನೊಂದು (ಕೋಟಿ) 20 ಇರುವ ಲಂಬಕೋನ ತ್ರಿಭುಜದ ಕರ್ಣ ಎಷ್ಟು ಎಂದು ಕೇಳಿ, ಅದೇ ಶ್ಲೋಕದ ಎರಡನೆಯ ಸಾಲಿನಲ್ಲಿ ‘ಉಪಪತ್ತಿಶ್ಚ ರೂಢಸ್ಯ ಗಣಿತಸ್ಯಾಸ್ಯ ಕಥ್ಯತಾಮ್’ ಎನ್ನುತ್ತಾರೆ. ರೂಢಿಯಲ್ಲಿರುವ ಈ ಗಣಿತದ ಉಪಪತ್ತಿಯನ್ನೂ ಹೇಳು ಎಂದು ವಿದ್ಯಾರ್ಥಿಗೆ ಹಾಕಿದ ಸವಾಲು ಅದು. ಎಲ್ಲರಿಗೂ ಗೊತ್ತಿರುವ ನಿಯಮ ಎಂದು ತಾವೇ ಒಪ್ಪಿಕೊಂಡು, ಗೊತ್ತಿದ್ದರೆ ಸಾಲದು ಎನ್ನುತ್ತಿದ್ದಾರೆ.

ಬಳಿಕ ಅವರೇ ಕೊಡುವ ಉತ್ತರ ಹೀಗಿದೆ. ಅಂಥದೇ ನಾಲ್ಕು ತ್ರಿಭುಜಗಳನ್ನು ಕರ್ಣಗಳು ಹೊರಬದಿಯಾಗುವಂತೆ ಸುತ್ತ ಜೋಡಿಸಿದರೆ, ಕರ್ಣವೇ ಬಾಹುವಾಗಿರುವ ದೊಡ್ಡ ಚೌಕ ಆಗುತ್ತದೆ. ನಡುವೆ ಒಂದು ಸಣ್ಣ ಚೌಕ ಖಾಲಿ ಉಳಿಯುತ್ತದೆ, ಅದರ ಬಾಹು ಭುಜಕೋಟಿಗಳ ವ್ಯತ್ಯಾಸವಾದ 5. ಒಂದು ತ್ರಿಭುಜದ ವಿಸ್ತೀರ್ಣ 150, ನಾಲ್ಕಕ್ಕೆ 600, ನಡುವಿನ ಚೌಕದ್ದು 25, ಒಟ್ಟು 625, ಆದ್ದರಿಂದ ಕರ್ಣ 25. ಸಂಖ್ಯೆಗಳ ಬದಲು ಅಕ್ಷರಗಳನ್ನು ಇಟ್ಟರೆ, ಎರಡು ರಾಶಿಗಳ ಗುಣಲಬ್ಧದ ಇಮ್ಮಡಿಗೆ ಅವುಗಳ ವ್ಯತ್ಯಾಸದ ವರ್ಗವನ್ನು ಕೂಡಿದರೆ ಎರಡರ ವರ್ಗಗಳ ಮೊತ್ತವೇ ಬರುತ್ತದೆ, ಮತ್ತು ಈ ಮಾತನ್ನೂ ಅವರು ಬಿಟ್ಟಿಲ್ಲ. ಜೊತೆಗೆ, ಕರ್ಣಕ್ಕೆ ಲಂಬ ಎಳೆದು ಸಮರೂಪ ತ್ರಿಭುಜಗಳ ಅನುಪಾತದಿಂದ ಅದೇ ಫಲವನ್ನು ಪಡೆಯುವ ಎರಡನೆಯ ದಾರಿಯೂ ಅಲ್ಲಿದೆ. ಇಷ್ಟೆಲ್ಲ ಲೆಕ್ಕ ಬಿಡಿಸಿಟ್ಟವರನ್ನು ಬರೀ ‘ನೋಡು’ ಎಂದು ಹೇಳಿ ಎದ್ದುಹೋದವರು ಎನ್ನುವುದು ಅವರಿಗೆ ಮಾಡುವ ಅನ್ಯಾಯ. ನಿಮ್ಮ ತರಗತಿಯಲ್ಲಿ ರಟ್ಟಿನಿಂದ 15 ಮತ್ತು 20 ಸೆಂಟಿಮೀಟರ್ ಬಾಹುಗಳ ನಾಲ್ಕು ತ್ರಿಭುಜಗಳನ್ನು ಕತ್ತರಿಸಿ ಕೊಡಿ. ಒಂಬತ್ತನೆಯ ತರಗತಿಯ ಮಕ್ಕಳು ನಡುವಿನ ಚೌಕವನ್ನು ತಾವೇ ಗುರುತಿಸುತ್ತಾರೆ.

ಬೀಜಗಣಿತದಲ್ಲಿಯೇ ಅವರು ಉಪಪತ್ತಿ ಎರಡು ಬಗೆ ಎಂದು ವಿಂಗಡಿಸುತ್ತಾರೆ. ಒಂದು ಕ್ಷೇತ್ರಗತ, ಆಕೃತಿಯಿಂದ ತೋರಿಸುವುದು. ಇನ್ನೊಂದು ರಾಶಿಗತ, ಅವ್ಯಕ್ತ (ಬೆಲೆ ಗೊತ್ತಿಲ್ಲದ) ರಾಶಿಗಳ ಲೆಕ್ಕದಿಂದ ತೋರಿಸುವುದು. ಆಕೃತಿಯ ದಾರಿ ಹಿಡಿಯದವರಿಗೆ ರಾಶಿಯ ದಾರಿಯನ್ನು ತೋರಿಸಬೇಕಂತೆ. ಸಿದ್ಧಾಂತಶಿರೋಮಣಿಯ ಗೋಲಾಧ್ಯಾಯದಲ್ಲಿ, ಗ್ರಹಗಣಿತದ ಉಪಪತ್ತಿ ತಿಳಿಯದ ಗಣಕ (ಲೆಕ್ಕ ಮಾಡುವವ) ಪ್ರೌಢರ ಸಭೆಯಲ್ಲಿ ಪ್ರೌಢಿಮೆ ಗಳಿಸಲಾರ, ತನ್ನ ಮಟ್ಟಿಗೂ ನಿಸ್ಸಂಶಯನಾಗಲಾರ ಎಂದು ಬರೆದಿದ್ದಾರೆ. ಉಪಪತ್ತಿಯ ಉದ್ದೇಶ ಎರಡೂ ಇಲ್ಲಿವೆ: ಪರರನ್ನು ಒಪ್ಪಿಸುವುದು ಮತ್ತು ತನ್ನ ಸಂಶಯವನ್ನು ಕಳೆದುಕೊಳ್ಳುವುದು.

ಮಹಾವೀರಾಚಾರ್ಯರ ಬಗ್ಗೆ ನೀವು ಕೇಳಿದ್ದೀರಿ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಅವರು ಗಣಿತಸಾರಸಂಗ್ರಹವನ್ನು ಸಂಸ್ಕೃತದಲ್ಲಿ ಬರೆದರು. ಅದುವರೆಗೆ ಗಣಿತ ಬಹುಮಟ್ಟಿಗೆ ಜ್ಯೋತಿಷ ಸಿದ್ಧಾಂತಗಳ ಒಂದು ಅಧ್ಯಾಯವಾಗಿ ಬರುತ್ತಿತ್ತು. ಗಣಿತವೊಂದನ್ನೇ ವಿಷಯವಾಗಿ ಇಟ್ಟುಕೊಂಡು, ಇಷ್ಟು ವಿಸ್ತಾರವಾಗಿ, ಇಷ್ಟು ಚೆಲುವಾದ ಉದಾಹರಣೆಗಳೊಂದಿಗೆ ಬರೆದದ್ದು ಅವರ ಹಿರಿಮೆ. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. ಭಿನ್ನರಾಶಿಗಳನ್ನು ಕೂಡುವಾಗ ಛೇದಗಳ ಲಘುತಮ ಸಾಮಾನ್ಯ ಅಪವರ್ತ್ಯವನ್ನು ಬಳಸುವ ಕ್ರಮವನ್ನು ಅವರು ‘ನಿರುದ್ಧ’ ಎಂಬ ಹೆಸರಿನಲ್ಲಿ ಹೇಳಿದ್ದಾರೆ.

ಗಣಿತಸಾರಸಂಗ್ರಹ ಮೂಲಗ್ರಂಥ, ಟೀಕೆಯಲ್ಲ; ಆದ್ದರಿಂದ ಉದ್ದನೆಯ ಉಪಪತ್ತಿಗಳನ್ನು ಅಲ್ಲಿ ಹುಡುಕಬಾರದು. ಆದರೂ ಒಂದು ಕಡೆ ಕಾರಣ ಅರ್ಧ ಶ್ಲೋಕದಲ್ಲಿ ಮಿಂಚುತ್ತದೆ. ಧನಸಂಖ್ಯೆಯ ವರ್ಗವೂ ಋಣಸಂಖ್ಯೆಯ ವರ್ಗವೂ ಧನವೇ. ಋಣಸಂಖ್ಯೆ ಸ್ವರೂಪದಿಂದಲೇ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎನ್ನುತ್ತಾರೆ. ಋಣಸಂಖ್ಯೆಯ ವರ್ಗಮೂಲದ ಪ್ರಶ್ನೆಯನ್ನು ಎತ್ತಿ, ಇಲ್ಲವೆನ್ನಲು ಕಾರಣವನ್ನೂ ಕೊಟ್ಟ ಮಾತು ಇದು. ಸುಮಾರು 1600ರ ಹೊತ್ತಿಗೆ ಕೃಷ್ಣ ದೈವಜ್ಞರು ಭಾಸ್ಕರರ ಬೀಜಗಣಿತಕ್ಕೆ ಟೀಕೆ ಬರೆಯುವಾಗ ಇದೇ ವಿಷಯವನ್ನು ವಾದವಾಗಿ ಬೆಳೆಸಿದರು: ಋಣಸಂಖ್ಯೆಯೂ ಒಂದು ವರ್ಗ ಎನ್ನುವವನು ಅದು ಯಾವುದರ ವರ್ಗ ಎಂದು ಹೇಳಲಿ, ಧನದ್ದೆಂದರೆ ಆಗದು, ಋಣದ್ದೆಂದರೂ ಆಗದು, ಮೂರನೆಯದು ಇಲ್ಲ. ಅದೇ ಮಹಾವೀರರು, ಶೂನ್ಯದಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎಂದೂ ಬರೆದರು. ಅದು ತಪ್ಪು, ಮತ್ತು ಅಲ್ಲಿ ಕಾರಣ ಕೊಟ್ಟಿಲ್ಲ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದ ಕೃತಿಗಳನ್ನು ಕನ್ನಡದಲ್ಲಿಯೇ ಬರೆದ. ಅವನ ಆಸಕ್ತಿ ಇದ್ದದ್ದು ವರ್ತಕರಿಗೂ ಅಳೆಯುವವರಿಗೂ ಬೇಕಾದ ಲೆಕ್ಕಗಳಲ್ಲಿ, ಉಪಪತ್ತಿಯಲ್ಲಿ ಅಲ್ಲ.

ಉಪಪತ್ತಿಯ ಪರಂಪರೆ ತನ್ನ ಪೂರ್ಣ ಶಕ್ತಿಯನ್ನು ತೋರಿದ್ದು ಕೇರಳದಲ್ಲಿ. ಸಂಗಮಗ್ರಾಮದ ಮಾಧವರು ಸುಮಾರು 1340ರಿಂದ 1425ರವರೆಗೆ ಬದುಕಿದ್ದರು. ಅವರ ಶಿಷ್ಯಪರಂಪರೆಯಲ್ಲಿ ಬಂದ ಜ್ಯೇಷ್ಠದೇವರು ಸುಮಾರು 1530ರಲ್ಲಿ ಯುಕ್ತಿಭಾಷೆಯನ್ನು ಸಂಸ್ಕೃತದಲ್ಲಲ್ಲ, ಮಲಯಾಳಂ ಗದ್ಯದಲ್ಲಿ ಬರೆದರು. ಇಡೀ ಗ್ರಂಥದ ಕೆಲಸವೇ ಯುಕ್ತಿಗಳನ್ನು ಹೇಳುವುದು. ವ್ಯಾಸದಿಂದ ಪರಿಧಿಯನ್ನು ಪಡೆಯುವ ಮಾಧವರ ಶ್ರೇಣಿಯಂತೆ, ಪೈ ಬೆಲೆಯ ನಾಲ್ಕನೆಯ ಒಂದು ಭಾಗ ಎಂದರೆ ಒಂದು, ಅದರಿಂದ ಮೂರನೆಯ ಒಂದು ಕಳೆ, ಐದನೆಯ ಒಂದು ಕೂಡು, ಏಳನೆಯ ಒಂದು ಕಳೆ, ಹೀಗೆ ಕೊನೆಯಿಲ್ಲದೆ. ಈ ಬೆಸಸಂಖ್ಯೆಗಳು ಎಲ್ಲಿಂದ ಬಂದವು?

ಯುಕ್ತಿಭಾಷೆಯ ಉತ್ತರವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ವೃತ್ತವನ್ನು ಹೊರಗಿನಿಂದ ತಾಗುವ ಚೌಕವನ್ನು ಬರೆದು, ಅದು ವೃತ್ತವನ್ನು ತಾಗುವ ಬಿಂದುವಿನಿಂದ ಚೌಕದ ಮೂಲೆಯವರೆಗಿನ ಗೆರೆಯನ್ನು ಸಮನಾದ ಬಹಳ ಸಣ್ಣ ತುಂಡುಗಳಾಗಿ ಒಡೆಯಬೇಕು. ಪ್ರತಿಯೊಂದು ತುಂಡಿನ ತುದಿಗೂ ಕೇಂದ್ರದಿಂದ ಒಂದು ಕರ್ಣ. ಎರಡು ಕರ್ಣಗಳ ನಡುವೆ ಸಿಗುವ ಕಂಸದ ಚೂರು ಎಷ್ಟು ಎಂಬುದನ್ನು ಸಮರೂಪ ತ್ರಿಭುಜಗಳಿಂದ ಪಡೆಯುತ್ತಾರೆ. ಅಲ್ಲಿ ಕರ್ಣದ ವರ್ಗದಿಂದ ಭಾಗಿಸಬೇಕಾಗುತ್ತದೆ. ಆ ಭಾಗಾಕಾರವನ್ನು ತ್ರಿಜ್ಯದ ವರ್ಗದಿಂದ ಭಾಗಿಸಿ, ಉಳಿದ ತಪ್ಪನ್ನು ಮತ್ತೆ ಮತ್ತೆ ತಿದ್ದುತ್ತ, ಕೂಡು–ಕಳೆಗಳ ಶ್ರೇಣಿಯಾಗಿ ಬಿಡಿಸುತ್ತಾರೆ. ಈಗ ಎಲ್ಲ ಚೂರುಗಳನ್ನು ಕೂಡಿಸಲು ಒಂದರಿಂದ ಮೊದಲ್ಗೊಂಡು ಕ್ರಮಸಂಖ್ಯೆಗಳ ವರ್ಗಗಳ ಮೊತ್ತ, ನಾಲ್ಕನೆಯ ಘಾತಗಳ ಮೊತ್ತ, ಆರನೆಯ ಘಾತಗಳ ಮೊತ್ತ ಬೇಕು. ತುಂಡುಗಳು ಅಣುವಿನಷ್ಟು ಸಣ್ಣವಾದರೆ ವರ್ಗಗಳ ಮೊತ್ತ ತುಂಡುಗಳ ಸಂಖ್ಯೆಯ ಘನದ ಮೂರನೆಯ ಒಂದಕ್ಕೂ, ನಾಲ್ಕನೆಯ ಘಾತಗಳ ಮೊತ್ತ ಐದನೆಯ ಘಾತದ ಐದನೆಯ ಒಂದಕ್ಕೂ ಸೇರುತ್ತದೆ ಎಂದು ಮೊದಲೇ ತೋರಿಸಿಟ್ಟಿದ್ದಾರೆ. ಮೂರು, ಐದು, ಏಳು ಛೇದಗಳಾಗಿ ಬರುವುದು ಅಲ್ಲಿಂದ. ಕಲನಶಾಸ್ತ್ರ ಓದಿದವರಿಗೆ ಇದು ಯಾವ ಲೆಕ್ಕ ಎಂದು ತಕ್ಷಣ ಹೊಳೆಯುತ್ತದೆ.

ಈ ಶ್ರೇಣಿ ಬಹಳ ನಿಧಾನ. ಮೊದಲ ಐದು ಪದಗಳನ್ನು ಕೂಡಿ ಕಳೆದು ನಾಲ್ಕರಿಂದ ಗುಣಿಸಿದರೆ 3.3397 ಬರುತ್ತದೆ, ಇದು ಯಾವ ಕೆಲಸಕ್ಕೂ ಬಾರದು. ಮಾಧವರ ಪರಂಪರೆಯವರು ಉಳಿದ ಪದಗಳ ಬದಲಿಗೆ ಒಂದು ಅಂತ್ಯಸಂಸ್ಕಾರವನ್ನು, ಅಂದರೆ ಕೊನೆಯ ತಿದ್ದುಪಡಿಯನ್ನು, ಸೇರಿಸುತ್ತಾರೆ. ಪದಗಳ ಸಂಖ್ಯೆಯನ್ನು, ಅದರ ವರ್ಗದ ನಾಲ್ಕು ಪಟ್ಟಿಗೆ ಒಂದು ಕೂಡಿದ ಸಂಖ್ಯೆಯಿಂದ ಭಾಗಿಸಬೇಕು; ಐದು ಪದಗಳಿಗೆ ಅದು 101ರಲ್ಲಿ 5. ಇದನ್ನು ಕಳೆದು ನಾಲ್ಕರಿಂದ ಗುಣಿಸಿದರೆ 3.14166. ಐದೇ ಪದಗಳಲ್ಲಿ ಇಷ್ಟು! ಇದಕ್ಕಿಂತ ಸೂಕ್ಷ್ಮವಾದ ಸಂಸ್ಕಾರವೂ ಅವರ ಬಳಿ ಇತ್ತು. ಮಾಧವರದೆಂದು ಉಲ್ಲೇಖವಾಗುವ ಶ್ಲೋಕವೊಂದು 9,00,00,00,00,000 ವ್ಯಾಸಕ್ಕೆ 28,27,43,33,88,233 ಪರಿಧಿ ಎನ್ನುತ್ತದೆ. ಭಾಗಿಸಿ ನೋಡಿ, 11 ದಶಮಾಂಶ ಸ್ಥಾನಗಳಿಗೆ ದುಂಡು ಮಾಡಿದಾಗ ಪೈ ಬೆಲೆ ಸರಿಯಾಗಿ ಹೊಂದುತ್ತದೆ.

ಅದೇ ಪರಂಪರೆಯ ನೀಲಕಂಠ ಸೋಮಯಾಜಿಗಳು (ಜನನ 1444) ಆರ್ಯಭಟೀಯಕ್ಕೆ ಬರೆದ ಭಾಷ್ಯದಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ. ನಾಲ್ಕನೆಯ ಒಂದು, ಅದರ ನಾಲ್ಕನೆಯ ಒಂದು, ಮತ್ತೆ ಅದರ ನಾಲ್ಕನೆಯ ಒಂದು ಎಂದು ಕೂಡುತ್ತ ಹೋದರೆ ಮೊತ್ತ ಮೂರನೆಯ ಒಂದು ಆಗುತ್ತದೆ. ಆದರೆ ಅದು ಅಷ್ಟೇ ಬೆಳೆಯುತ್ತದೆ, ಮತ್ತು ಅಷ್ಟರವರೆಗೆ ಬೆಳೆದೇ ಬೆಳೆಯುತ್ತದೆ ಎಂಬುದು ಹೇಗೆ? ಪ್ರತಿ ಹಂತದಲ್ಲಿಯೂ ಗುರಿಗೆ ಉಳಿದಿರುವ ಅಂತರ ಕೊನೆಯಲ್ಲಿ ಕೂಡಿದ ಪದದ ಸರಿಯಾಗಿ ಮೂರನೆಯ ಒಂದು ಎಂದು ಅವರು ತೋರಿಸುತ್ತಾರೆ: ಮೂರನೆಯ ಒಂದರಲ್ಲಿ ನಾಲ್ಕನೆಯ ಒಂದನ್ನು ಕಳೆದರೆ ಹನ್ನೆರಡನೆಯ ಒಂದು, ಅದರಲ್ಲಿ ಹದಿನಾರನೆಯ ಒಂದನ್ನು ಕಳೆದರೆ ನಲವತ್ತೆಂಟನೆಯ ಒಂದು. ಅಂತರ ಎಂದೂ ಪೂರ್ಣ ಅಳಿಯುವುದಿಲ್ಲ, ಎಷ್ಟು ಬೇಕಾದರೂ ಕಿರಿದಾಗುತ್ತದೆ. ಮೊತ್ತ ಮೀರದಿರುವುದು ಮತ್ತು ಮುಟ್ಟುತ್ತ ಹೋಗುವುದು ಎರಡನ್ನೂ ಬೇರೆ ಬೇರೆಯಾಗಿ ಸಾಧಿಸಬೇಕು ಎಂದು ಕಂಡುಕೊಂಡ ಈ ಎಚ್ಚರ ನನಗೆ ಮಾಧವರ ಶ್ರೇಣಿಯಷ್ಟೇ ದೊಡ್ಡದಾಗಿ ಕಾಣುತ್ತದೆ.

ಇಷ್ಟಿದ್ದೂ ‘ಸಾಧನೆ ಇಲ್ಲ’ ಎಂಬ ಮಾತು ಹರಡಿದ್ದೇಕೆ? ಇಂಗ್ಲಿಷ್ ವಿದ್ವಾಂಸ ಕೋಲ್‌ಬ್ರೂಕ್ 1817ರಲ್ಲಿ ಲೀಲಾವತಿ, ಬೀಜಗಣಿತಗಳನ್ನು ಇಂಗ್ಲಿಷಿಗೆ ತಂದಾಗ ಗಣೇಶ ದೈವಜ್ಞರ, ಕೃಷ್ಣ ದೈವಜ್ಞರ ಟೀಕೆಗಳ ಉಪಪತ್ತಿಗಳನ್ನು ಅಡಿಟಿಪ್ಪಣಿಗಳಲ್ಲಿ ಕೊಟ್ಟಿದ್ದರು. ವಿಶ್ ಎಂಬ ಅಧಿಕಾರಿ 1834ರಲ್ಲಿಯೇ ಕೇರಳದ ಶ್ರೇಣಿಗಳ ಬಗ್ಗೆ ಲೇಖನ ಪ್ರಕಟಿಸಿದ್ದರು. ನಂತರ ಬರೆದ ಚರಿತ್ರೆಕಾರರಲ್ಲಿ ಹಲವರು ಅಡಿಟಿಪ್ಪಣಿಯನ್ನು ಬಿಟ್ಟರು, ವಿಶ್ ಅವರ ಲೇಖನವನ್ನು ಮರೆತರು. ಯುಕ್ತಿಭಾಷೆಯ ಗಣಿತಭಾಗ ಟಿಪ್ಪಣಿಗಳೊಂದಿಗೆ ಮಲಯಾಳಂನಲ್ಲಿ ಅಚ್ಚಾದದ್ದು 1948ರಲ್ಲಿ, ಕೆ. ವಿ. ಶರ್ಮಾ ಅವರ ಇಂಗ್ಲಿಷ್ ಅನುವಾದ ಬಂದದ್ದು 2008ರಲ್ಲಿ. ಓದದೆ ಉಳಿದ ಟೀಕೆಗಳು ಇನ್ನೂ ಇವೆ.

ಗ್ರೀಕರ ಸಾಧನೆಗೂ ನಮ್ಮ ಉಪಪತ್ತಿಗೂ ನಿಜವಾದ ವ್ಯತ್ಯಾಸವಿದೆ, ಅದನ್ನು ಮುಚ್ಚಿಡಬೇಕಿಲ್ಲ. ಯೂಕ್ಲಿಡ್ ಕೆಲವು ಸ್ವಯಂಸಿದ್ಧಗಳನ್ನು ಮೊದಲು ಸ್ಥಾಪಿಸಿ, ಪ್ರತಿಯೊಂದು ಪ್ರಮೇಯವನ್ನೂ ಹಿಂದಿನವುಗಳಿಂದಲೇ ಕಟ್ಟುತ್ತ ಹೋದ. ನಮ್ಮವರು ಅಂಥ ಒಂದೇ ಕಟ್ಟಡವನ್ನು ಕಟ್ಟಲಿಲ್ಲ. ಎದುರಿಗಿರುವ ನಿಯಮಕ್ಕೆ ಎದುರಿಗಿರುವವನ ಸಂಶಯ ತೀರುವಷ್ಟು ಕಾರಣ ಕೊಟ್ಟರು, ಅದಕ್ಕೆ ಆಕೃತಿಯನ್ನೂ ಲೆಕ್ಕವನ್ನೂ ಕೂಡಿಯೇ ಬಳಸಿದರು. ಹೀಗೆ ಮಾಡಿದ್ದರಿಂದ ಋಣಸಂಖ್ಯೆ, ಶೂನ್ಯ, 2ರ ವರ್ಗಮೂಲದಂಥ ಅವರ್ಗಮೂಲಗಳೊಂದಿಗೆ ಅಂಜದೆ ಲೆಕ್ಕ ಮಾಡಲು ಅವರಿಗೆ ಸಾಧ್ಯವಾಯಿತು ಎಂಬುದು ಲಾಭ. ಕೆಲವು ಆಳವಾದ ಪ್ರಶ್ನೆಗಳು ಕೇಳದೆಯೇ ಉಳಿದವು ಎಂಬುದು ನಷ್ಟ.

ಅಂಥ ಒಂದು ಪ್ರಶ್ನೆ ಚಕ್ರವಾಲದ್ದು, ಅಂದರೆ ಒಂದೇ ಕ್ರಮವನ್ನು ಮತ್ತೆ ಮತ್ತೆ ಮಾಡುತ್ತ ಉತ್ತರಕ್ಕೆ ಬರುವ ವಿಧಾನದ್ದು. ಒಂದು ವರ್ಗಸಂಖ್ಯೆಯನ್ನು 61ರಿಂದ ಗುಣಿಸಿ ಒಂದನ್ನು ಕೂಡಿದರೆ ಮತ್ತೆ ವರ್ಗವೇ ಬರಬೇಕು. ಅಂಥ ಪೂರ್ಣಾಂಕಗಳು ಯಾವುವು? ಭಾಸ್ಕರರು 1150ರಲ್ಲಿ ಚಕ್ರವಾಲ ವಿಧಾನದಿಂದ ಕೆಲವೇ ಹಂತಗಳಲ್ಲಿ 22,61,53,980 ಮತ್ತು 1,76,63,19,049 ಎಂಬ ಅತಿ ಸಣ್ಣ ಉತ್ತರವನ್ನು ತಲುಪಿದರು. ಫ್ರಾನ್ಸಿನ ಫರ್ಮಾ 1657ರಲ್ಲಿ ತನ್ನ ಕಾಲದ ಗಣಿತಜ್ಞರಿಗೆ ಸವಾಲೆಂದು ಕಳಿಸಿದ ಲೆಕ್ಕಗಳಲ್ಲಿ ಇದೇ 61 ಇತ್ತು. ಆದರೆ ಚಕ್ರವಾಲ ಎಲ್ಲ ಸಂಖ್ಯೆಗಳಿಗೂ ತಪ್ಪದೆ ಉತ್ತರ ಮುಟ್ಟುತ್ತದೆ ಎಂಬುದಕ್ಕೆ ಭಾಸ್ಕರರಾಗಲಿ ಅವರ ಪ್ರಮುಖ ಟೀಕಾಕಾರರಾಗಲಿ ಉಪಪತ್ತಿ ಕೊಡಲಿಲ್ಲ. ಇಂಥ ಸಮೀಕರಣಕ್ಕೆ ಯಾವಾಗಲೂ ಉತ್ತರ ಇದೆ ಎಂಬುದನ್ನು ಲಗ್ರಾಂಜ್ 1760ರ ದಶಕದಲ್ಲಿ ಬೇರೆ ದಾರಿಯಿಂದ ಸಾಧಿಸಿದರು. ಭಾಸ್ಕರರ ವಿಧಾನವನ್ನೇ ಹಿಡಿದು, ಅದು ಪ್ರತಿ ಸಲವೂ ಗುರಿ ಮುಟ್ಟುತ್ತದೆ ಎಂದು 1929–30ರಲ್ಲಿ ಪ್ರಕಟವಾದ ಲೇಖನದಲ್ಲಿ ತೋರಿಸಿದವರು ಮೈಸೂರಿನಲ್ಲಿ ಗಣಿತದ ಅಧ್ಯಾಪಕರಾಗಿದ್ದ ಎ. ಎ. ಕೃಷ್ಣಸ್ವಾಮಿ ಅಯ್ಯಂಗಾರ್, ಕವಿ ಎ. ಕೆ. ರಾಮಾನುಜನ್ ಅವರ ತಂದೆ.